ಟ್ರೇಲರ್ ಮನೆಯಲ್ಲಿ ಹಸಿ ಚಿತ್ರ ಎಲ್ಲಿಡೋದು?

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಯಜಮಾನರು ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಮನೆ ಮಾರಿ, ಟ್ರಕ್ ಹಿಂದೆ ಕಟ್ಟಿ ಎಳೆಯುವ 24 ಅಡಿಯ ಟ್ರಾವೆಲ್ ಟ್ರೇಲರ್ ತಗೊಂಡು, ಎರಡು ವರ್ಷ ನ್ಯೂ ಮೆಕ್ಸಿಕೊ, ಅರಿಜೋನಾ, ಯೂಟಾ ಕಡೆ ಇದ್ದುಬಿಡೋಣ ಅಂತ ಯೋಚನೆ. ನಾನು ಹನ್ನೆರಡು ವರ್ಷದಿಂದ ಆಯಿಲ್ ಪೇಂಟಿಂಗ್ ಮಾಡುತ್ತಿದ್ದೇನೆ. ಹೆಚ್ಚಾಗಿ ಮೂರಡಿ, ನಾಲ್ಕಡಿ ಕ್ಯಾನ್ವಾಸ್. ಅವರಿಗೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ ಅಂದರೆ ತಲೆನೋವು. ಗೆಳತಿಯರೆಲ್ಲ ಅಕ್ರಿಲಿಕ್‌ಗೆ ಹೋಗಿಬಿಡು ಅಂತಾರೆ. ಟ್ರೇಲರ್‌ನಲ್ಲಿ ಆಯಿಲ್ ಆಗುತ್ತಾ? ಚಿತ್ರ ಮಾರಿ ಓಡಾಟದ ಖರ್ಚು ಹುಟ್ಟುತ್ತಾ? ಎಂಥ ಟ್ರೇಲರ್ ನೋಡಬೇಕು?

ಉತ್ತರ: ಆಗುತ್ತದೆ. ನಾನು ಮತ್ತು ನಮ್ಮನೆಯವರು 21 ಅಡಿಯ ಟ್ರೇಲರ್‌ನಲ್ಲಿ ನಾಲ್ಕು ಚಳಿಗಾಲ ಕಳೆದಿದ್ದೇವೆ. ಅಷ್ಟೂ ದಿನ ನಾನು ಆಯಿಲ್ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ. ಆದರೆ ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬಿಡಿಸಿ ಮುಗಿದ ಮೇಲೆ ಆ ಹಸಿ ಚಿತ್ರವನ್ನು ಎಲ್ಲಿಡುತ್ತೀರಿ?

ಬಿಡಿಸುವುದಕ್ಕೆ ಎರಡು ಗಂಟೆ ಸಾಕು. ಒಣಗುವುದಕ್ಕೆ ಹತ್ತು ದಿನ ಬೇಕು. ಟ್ರೇಲರ್ ಐದನೇ ದಿನಕ್ಕೆ ಹೊರಟಿರುತ್ತದೆ. ಈ ಲೆಕ್ಕ ಹೊಂದಿಸಿಕೊಂಡರೆ ಮಿಕ್ಕದ್ದೆಲ್ಲ ಹೇಗೋ ನಡೆಯುತ್ತದೆ.

ಮೊದಲ ವರ್ಷ ನಮಗೆ ಇದು ಹೊಳೆಯಲೇ ಇಲ್ಲ. ಯೂಟಾದಲ್ಲಿ ಒಂದು ಬೆಳಗ್ಗೆ ಮೂರು ಹಸಿ ಚಿತ್ರಗಳನ್ನು ಬಚ್ಚಲ ಗೋಡೆಗೆ ಒರಗಿಸಿ ಹೊರಟೆವು. ಟ್ರೇಲರ್ ಬಚ್ಚಲು ಅಂದರೆ ಒಂದು ಗೋದ್ರೇಜ್ ಬೀರುವಿನಷ್ಟು ಜಾಗ. ಆರು ಮೈಲಿ ಮಣ್ಣಿನ ರಸ್ತೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೀರು ಹಾಕಿರುತ್ತಾರಲ್ಲ, ರಸ್ತೆ ಉದ್ದಕ್ಕೂ ಹಾಗೆ ಅಡ್ಡ ಏಣು. ನಿಲ್ಲಿಸಿ ಬಾಗಿಲು ತೆಗೆದರೆ ಮೂರೂ ಒಂದರ ಮೇಲೊಂದು ಮಲಗಿದ್ದವು. ಒಂದರ ಆಕಾಶ ಇನ್ನೊಂದರ ಬಂಡೆಗೆ ಮೆತ್ತಿಕೊಂಡಿತ್ತು. ಕ್ಯಾಡ್ಮಿಯಂ ರೆಡ್ ಪರದೆಗೆ, ನಲ್ಲಿಗೆ, ಒಣಗಲೆಂದು ನೇತುಹಾಕಿದ್ದ ನಮ್ಮನೆಯವರ ಬಿಳಿ ಪಂಚೆಗೆ. ಅವರು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದಾಗಲೇ ಅಲ್ವಾ ಭಯ ಆಗೋದು. ಆ ಪಂಚೆಯನ್ನು ಹರಿದು ಎರಡು ವರ್ಷ ಬ್ರಷ್ ಒರೆಸಿದೆ.

ಆಯಿಲ್ ಬಣ್ಣ ಒಣಗುವ ಬಗೆಯೇ ಬೇರೆ. ವಾಟರ್ ಕಲರ್ ಹಪ್ಪಳದ ಹಾಗೆ. ನೀರು ಆರಿ ಹೋಯಿತು, ಮುಗೀತು. ಆಯಿಲ್‌ನಲ್ಲಿ ಆರಿ ಹೋಗುವಂಥದ್ದು ಏನೂ ಇಲ್ಲ. ಅದರಲ್ಲಿರುವುದು ಅಗಸೆ ಎಣ್ಣೆ. ನಮ್ಮ ಗದಗ, ಧಾರವಾಡ ಕಡೆ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುತ್ತೇವಲ್ಲ, ಅದೇ ಅಗಸೆ. ಈ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ಹಾಗಾಗಿ ಒಣಗುವಾಗ ಬಣ್ಣದ ತೂಕ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಬಾಯಲ್ಲಿ ಎಷ್ಟು ಉಜ್ಜಿದರೂ ಹೋಗದ ಜಿಡ್ಡು ಕಟ್ಟಿರುತ್ತದೆ ನೋಡಿ, ಹೆಚ್ಚುಕಮ್ಮಿ ಅದೇ ಕೆಲಸ ಇದು. ಅಲ್ಲಿ ಬೇಡದೆ ಆಗುತ್ತದೆ, ಇಲ್ಲಿ ನಾವೇ ಬೇಕು ಅಂತ ಮಾಡಿಸುತ್ತೇವೆ.

ಹಾಗಾಗಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಚಿತ್ರ ಒಣಗುವುದಿಲ್ಲ. ಗಾಳಿ ಬೇಕು, ಬೆಳಕು ಬೇಕು, ಬೆಚ್ಚಗಿರಬೇಕು. ಅರಿಜೋನಾ ಮರುಭೂಮಿ ಈ ಮೂರಕ್ಕೂ ಒಳ್ಳೆಯ ಜಾಗ. ಆದರೆ ಜನವರಿ ರಾತ್ರಿ ಅಲ್ಲೂ ಕೊರೆಯುತ್ತದೆ, ಒಣಗುವುದು ಅರ್ಧಕ್ಕೇ ನಿಂತ ಹಾಗೆ ಆಗುತ್ತದೆ. ಹಾಸಿಗೆ ಕೆಳಗಿನ ಕತ್ತಲ ಖಾನೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಿಳಿಯೆಲ್ಲ ಹಳದಿ ತಿರುಗುತ್ತದೆ. ಅದಕ್ಕೆ ಗಾಬರಿ ಬೇಡ. ಕಿಟಕಿ ಬೆಳಕಿನಲ್ಲಿ ಕೆಲವು ವಾರ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಇನ್ನು ಬಣ್ಣ. ಎಲ್ಲವೂ ಒಂದೇ ವೇಗದಲ್ಲಿ ಒಣಗುವುದಿಲ್ಲ ಅನ್ನುವುದು ನಿಮಗೆ ಗೊತ್ತಿರುತ್ತದೆ. ಮನೆಯಲ್ಲಿ ಅದು ಅಷ್ಟೇನೂ ಲೆಕ್ಕಕ್ಕೆ ಬರುವುದಿಲ್ಲ, ಟ್ರೇಲರ್‌ನಲ್ಲಿ ಬರುತ್ತದೆ. ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇದೆ, ಕೋಬಾಲ್ಟ್ ನೀಲಿಯಲ್ಲಿ ಕೋಬಾಲ್ಟ್ ಇದೆ. ಇವು ಎಣ್ಣೆಯನ್ನು ಬೇಗ ಗಟ್ಟಿ ಮಾಡುತ್ತವೆ. ತೆಳ್ಳಗೆ ಹಚ್ಚಿದ ಅಂಬರ್ ಒಂದೆರಡು ದಿನದಲ್ಲಿ ಕೈಗೆ ಹತ್ತದ ಹಾಗಾಗುತ್ತದೆ. ಕ್ಯಾಡ್ಮಿಯಂ ಕೆಂಪು, ಹಳದಿ, ಐವರಿ ಬ್ಲ್ಯಾಕ್ ಇವೆಲ್ಲ ಸೋಮಾರಿಗಳು. ಎಲ್ಲಕ್ಕಿಂತ ತೊಂದರೆ ಕೊಡುವುದು ಟೈಟೇನಿಯಂ ವೈಟ್. ಅದೂ ನಿಧಾನ, ಮೇಲಾಗಿ ನಾವು ಕಲೆಸುವ ಹತ್ತರಲ್ಲಿ ಎಂಟು ಬಣ್ಣಕ್ಕೆ ಬಿಳಿ ಬಿದ್ದೇ ಬೀಳುತ್ತದೆ.

ಅಂದರೆ ಉಪಾಯವೂ ಅಲ್ಲೇ ಇದೆ. ಬಿಳಿಯೊಂದನ್ನು ಬದಲಾಯಿಸಿ. ಮಾಮೂಲಿ ಬಿಳಿಯ ಬದಲು ಆಲ್ಕಿಡ್ ಬಿಳಿ, ಅಂದರೆ ಬೇಗ ಒಣಗುವ ರಾಳದಲ್ಲಿ ಕಲೆಸಿದ ಬಿಳಿ ತಗೊಳ್ಳಿ. ವಿನ್ಸರ್ ಆಂಡ್ ನ್ಯೂಟನ್‌ನ ಗ್ರಿಫಿನ್, ಗ್ಯಾಂಬ್ಲಿನ್‌ನ ಫಾಸ್ಟ್‌ಮ್ಯಾಟ್ ಎರಡೂ ಇಲ್ಲಿ ಸುಲಭವಾಗಿ ಸಿಗುತ್ತವೆ. ಮಿಕ್ಕ ಬಣ್ಣಗಳು ನಿಮ್ಮ ಹಳೆಯವೇ ಇರಲಿ. ಬಿಳಿ ಬೆರೆತ ಕಡೆಯೆಲ್ಲ ಮಾರನೇ ದಿನ, ಹೆಚ್ಚೆಂದರೆ ಮೂರನೇ ದಿನ ಮುಟ್ಟುವ ಹಾಗೆ ಆಗಿರುತ್ತದೆ. ಬಿಳಿ ಇಲ್ಲದ ಕಡುಬಣ್ಣಕ್ಕೆ ಲಿಕ್ವಿನ್ ಅನ್ನುವ, ಬೇಗ ಒಣಗಿಸುವ ಆಲ್ಕಿಡ್ ದ್ರವ ಒಂದು ಹನಿ ಸಾಕು. ಹತ್ತು ದಿನದ ಲೆಕ್ಕ ಮೂರು ದಿನಕ್ಕೆ ಇಳಿಯುತ್ತದೆ. ಒಂದೇ ಎಚ್ಚರಿಕೆ. ನಿಧಾನಕ್ಕೆ ಒಣಗುವ ದಪ್ಪ ಪದರದ ಮೇಲೆ ಬೇಗ ಒಣಗುವ ಪದರ ಹಾಕಬೇಡಿ, ಮೇಲಿನದು ಬಿರಿಯುತ್ತದೆ. ಆಲ್ಕಿಡ್ ಬಿಳಿ ಹಿಡಿದರೆ ಅಡಿಯಿಂದಲೇ ಹಿಡಿಯಿರಿ.

ಪ್ಯಾಲೆಟ್ ಮೇಲೆ ಉಳಿದ ಬಣ್ಣಕ್ಕೆ ಇದರ ಉಲ್ಟಾ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ, ತಣ್ಣಗೆ ಹಸಿಯಾಗೇ ಇರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ‘ಬಣ್ಣ’ ಅಂತ ಬರೆಯಿರಿ. ಕ್ಯಾಡ್ಮಿಯಂ ಹಳದಿ ನೋಡುವುದಕ್ಕೆ ಮಾವಿನ ರಸದ ಹಾಗೇ ಇರುತ್ತದೆ. ಹೊಟ್ಟೆಗೆ ಹೋಗಬಾರದ ವಸ್ತು ಅದು.

ಮೂರಡಿ, ನಾಲ್ಕಡಿ ಕ್ಯಾನ್ವಾಸ್ ಮಾತ್ರ ಬಿಡಬೇಕಾಗುತ್ತದೆ. ಬೇಸರ ಆಗುತ್ತದೆ, ಗೊತ್ತು. ಬಾಗಿಲಲ್ಲಿ ಅಡ್ಡ ಮಾಡಿ ಒಳಗೆ ತರಬಹುದು, ಆದರೆ ನಿಲ್ಲಿಸಿದ ಮೇಲೆ ನೀವು ಎರಡು ಹೆಜ್ಜೆ ಹಿಂದೆ ಸರಿದು ನೋಡುವುದಕ್ಕೆ ಜಾಗ ಎಲ್ಲಿದೆ? ಬೆನ್ನಿಗೆ ಒಲೆ ತಗಲುತ್ತದೆ. ಹೊರಗಿಟ್ಟರೆ ಮರುಭೂಮಿಯ ಗಾಳಿಗೆ ಅದು ಹಾಯಿದೋಣಿ. ನಾನು 9 ಇಂಚು × 12 ಇಂಚು ಅಳತೆಗೆ ಬಂದು ನಿಂತೆ. ಅಪರೂಪಕ್ಕೆ 11 × 14. ಚೌಕಟ್ಟಿಗೆ ಬಿಗಿದ ಬಟ್ಟೆಯೂ ಬೇಡ. ರಸ್ತೆಯ ಕುಲುಕಾಟಕ್ಕೆ ಬಟ್ಟೆ ಡೊಳ್ಳಿನ ಚರ್ಮದ ಹಾಗೆ ಅದುರುತ್ತದೆ, ಮೂಲೆಗಳಲ್ಲಿ ಸಡಿಲ ಬೀಳುತ್ತದೆ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ ಬರುತ್ತದೆ, ಅಂಗಡಿ ಬೋರ್ಡ್ ಬರೆಯುವವರು ಬಳಸುವಂಥದ್ದು. ಮೂರು ಮಿಲಿಮೀಟರ್ ದಪ್ಪ. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಸೊಟ್ಟ ಆಗುವುದಿಲ್ಲ. ಮೇಲೆ ಲಿನನ್ ಅಂಟಿಸಿದ್ದೂ ಸಿಗುತ್ತದೆ. 9 × 12ರ ಒಂದು ಹಲಗೆ ಸುಮಾರು 300 ಗ್ರಾಂ. ನೂರು ಹಲಗೆ ಅಂದರೆ ಮೂವತ್ತು ಕಿಲೋ, ಒಂದು ಅಕ್ಕಿ ಮೂಟೆಗಿಂತ ಹಗುರ.

ಹಸಿ ಹಲಗೆ ಸಾಗಿಸಲು ಸಂದುಗಳಿರುವ ಪೆಟ್ಟಿಗೆ ಮಾಡಿಸಿ. ಹಳೇ ಮನೆಗಳಲ್ಲಿ ತಟ್ಟೆ ನಿಲ್ಲಿಸುವ ಸ್ಟ್ಯಾಂಡ್ ಇರುತ್ತದಲ್ಲ, ಅದೇ ತತ್ವ. ಪ್ರತಿ ಹಲಗೆಗೂ ಒಂದೊಂದು ಸಂದು, ನಡುವೆ ಒಂದು ಬೆರಳಷ್ಟು ಗಾಳಿ. ನಮ್ಮನೆಯವರು ಪ್ಲೈವುಡ್‌ನಲ್ಲಿ ಹನ್ನೆರಡು ಸಂದಿನದು ಮಾಡಿಕೊಟ್ಟರು. ಎರಡು ಪಕ್ಕದಲ್ಲೂ ತೂತು ಕೊರೆದು, ಧೂಳು ಬರದ ಹಾಗೆ ಸೊಳ್ಳೆ ಪರದೆಯ ಬಲೆ ಹೊಡೆದರು. ಅದರ ಜಾಗ ಊಟದ ಮೇಜಿನ ಕೆಳಗೆ, ನೆಲಕ್ಕೆ ಪಟ್ಟಿ ಬಿಗಿದು. ಕಿಟಕಿ ತೆಗೆದಿದ್ದರೆ ಅಲ್ಲೇ ಒಣಗುತ್ತದೆ. ಆಮೇಲೆ ಪಂಚೆ ಯಾವುದೂ ಹಾಳಾಗಲಿಲ್ಲ. ಹನ್ನೆರಡು ತುಂಬಿದರೆ ಹದಿಮೂರನೆಯದನ್ನು ಶುರು ಮಾಡುವಂತಿಲ್ಲ, ಅದೊಂದೇ ನಮ್ಮನೆ ಕಾನೂನು.

ಅಕ್ರಿಲಿಕ್ ವಿಷಯ. ನಿಮ್ಮ ಗೆಳತಿಯರು ಹೇಳುವುದು ಆಸ್ಟಿನ್ ಮನೆಗೆ ಸರಿ. ಮರುಭೂಮಿಯಲ್ಲಿ ಅಕ್ರಿಲಿಕ್ ಪ್ಯಾಲೆಟ್ ಮೇಲೇ ಒಣಗಿ ರಬ್ಬರ್ ಆಗುತ್ತದೆ. ನೀರು ಚಿಮುಕಿಸುವುದೇ ಒಂದು ಕೆಲಸ. ಇನ್ನೊಂದು ತೊಂದರೆ ರಾತ್ರಿಯದು. ಅಕ್ರಿಲಿಕ್‌ನಲ್ಲಿ ನೀರಿದೆ, ಟ್ಯೂಬ್ ಹೆಪ್ಪುಗಟ್ಟಿದರೆ ಬಣ್ಣ ಒಡೆದ ಹಾಲಿನ ಹಾಗೆ ಆಗಬಹುದು. ಚಳಿಯಲ್ಲಿ ಒಣಗಿದ ಅಕ್ರಿಲಿಕ್ ಬಿರುಸಾಗುತ್ತದೆ, ಕುಲುಕಿದರೆ ಬಿರಿಯುವ ಭಯ. ಆಯಿಲ್ ಟ್ಯೂಬ್‌ಗೆ ಈ ರಗಳೆ ಇಲ್ಲ. ರಾತ್ರಿಯೆಲ್ಲ ಟ್ರಕ್‌ನಲ್ಲಿ ಬಿಟ್ಟರೂ ಬೆಳಗ್ಗೆ ಬಿಸಿಲಿಗೆ ಹಿಡಿದರೆ ಮೆತ್ತಗಾಗುತ್ತದೆ. ಅಂದಹಾಗೆ, ಈ ತಗಡಿನ ಟ್ಯೂಬ್ ಬಂದದ್ದೇ ಓಡಾಡಿಕೊಂಡು ಬಿಡಿಸುವವರಿಗೆ ವರವಾಗಿ. ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮುಂಚೆ ಹಂದಿಯ ಮೂತ್ರಕೋಶದ ಚೀಲದಲ್ಲಿ ಬಣ್ಣ ಕಟ್ಟಿಟ್ಟುಕೊಳ್ಳುತ್ತಿದ್ದರು. ಸೂಜಿಯಲ್ಲಿ ಚುಚ್ಚಿ ಹಿಂಡುವುದು. ಅದನ್ನು ಟ್ರೇಲರ್‌ನಲ್ಲಿ ಊಹಿಸಿಕೊಳ್ಳಿ!

ಈಗ ನಿಮ್ಮ ಯಜಮಾನರ ತಲೆನೋವು. ಇದರಲ್ಲಿ ನಾನು ಅವರ ಪಕ್ಷ. ಟರ್ಪೆಂಟೈನ್ ಟ್ರೇಲರ್‌ಗೆ ಬರಲೇಬಾರದು. ಪೂರ್ತಿ ಮನೆಯೇ ಒಂದು ಕೋಣೆ. ನೀವು ಬಿಡಿಸುವ ಜಾಗ, ಅವರು ಮಲಗುವ ಜಾಗ, ಒಲೆ, ಎಲ್ಲದರ ಗಾಳಿ ಒಂದೇ. ವಾಸನೆಗಿಂತ ಬೆಂಕಿಯ ವಿಷಯ ಜಾಸ್ತಿ ಯೋಚಿಸಿ. ಟರ್ಪೆಂಟೈನ್‌ನ ಆವಿ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ಬಾಗಿಲು ಮುಚ್ಚಿದ ಟ್ರೇಲರ್ ಅದಕ್ಕಿಂತ ಬಿಸಿ. ಒಳಗೆ ಗ್ಯಾಸ್ ಒಲೆ ಇದೆ, ಗ್ಯಾಸ್ ಹೀಟರ್ ಇದೆ, ಎಷ್ಟೋ ಟ್ರೇಲರ್‌ಗಳಲ್ಲಿ ಫ್ರಿಜ್ ಕೂಡ ಗ್ಯಾಸ್ ಜ್ವಾಲೆಯಲ್ಲೇ ನಡೆಯುತ್ತದೆ.

ಟರ್ಪೆಂಟೈನ್ ಬದಲಿಗೆ ವಾಸನೆ ಇಲ್ಲದ ಮಿನರಲ್ ಸ್ಪಿರಿಟ್ ಸಿಗುತ್ತದೆ. ಕೆಲವಕ್ಕೆ ಹತ್ತಿಕೊಳ್ಳುವ ಮಟ್ಟ 60 ಡಿಗ್ರಿ ದಾಟಿರುತ್ತದೆ, ಅಷ್ಟರ ಮಟ್ಟಿಗೆ ವಾಸಿ. ಆದರೆ ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ. ಎರಡನೇ ವರ್ಷ ನಾನು ಒಂದು ಸೀಸೆಯ ಮುಚ್ಚಳ ಸರಿಯಾಗಿ ತಿರುಗಿಸದೆ ಸಿಂಕ್ ಕೆಳಗೆ ಇಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಗ್ಯಾಸ್ ಅಲಾರಂ ಕೂಗಿಕೊಂಡಿತು. ಗ್ಯಾಸ್ ಸೋರಿದೆ ಅಂತ ಇಬ್ಬರೂ ಸ್ವೆಟರ್ ಕೂಡ ಇಲ್ಲದೆ ಹೊರಗೆ ಓಡಿದೆವು. ನಮ್ಮನೆಯವರು ಸಿಲಿಂಡರ್ ಮುಚ್ಚಿ, ಸೋಪಿನ ನೀರು ಹಚ್ಚಿ ಒಂದೊಂದೇ ಜಾಯಿಂಟ್ ನೋಡಿದರು. ಎಲ್ಲೂ ಗುಳ್ಳೆ ಇಲ್ಲ. ಕೊನೆಗೆ ಸಿಕ್ಕಿದ್ದು ನನ್ನ ಸೀಸೆ. ಟ್ರೇಲರ್‌ನಲ್ಲಿ ಉರಿಸುವ ಗ್ಯಾಸ್, ಪ್ರೋಪೇನ್, ಗಾಳಿಗಿಂತ ಭಾರ, ಅದಕ್ಕೇ ಆ ಅಲಾರಂ ನೆಲದ ಹತ್ತಿರ ಇರುತ್ತದೆ. ಸ್ಪಿರಿಟ್ ಆವಿಯೂ ಗಾಳಿಗಿಂತ ಭಾರ. ಸುಮ್ನೆ ನೆಲದ ಮೇಲೆ ಹರಿದು ಹೋಗಿ ಅಲಾರಂಗೆ ತಲುಪಿದೆ. ಮಾರನೇ ದಿನದಿಂದ ಸ್ಪಿರಿಟ್ ಪೂರ್ತಿ ಬಿಟ್ಟೆ.

ಬಿಟ್ಟರೆ ಏನು ಕಷ್ಟ? ನಿಜ ಹೇಳಬೇಕೆಂದರೆ ಏನೂ ಇಲ್ಲ. ಬಣ್ಣ ತೆಳು ಮಾಡಲು ಸ್ವಲ್ಪ ವಾಲ್‌ನಟ್ ಎಣ್ಣೆ. ಇದೂ ಒಣಗುವ ಜಾತಿಯದೇ. ನಡುವೆ ಬ್ರಷ್ ಬದಲಾಯಿಸಬೇಕಾದರೆ ತೊಳೆಯುವುದಿಲ್ಲ, ಒರೆಸುತ್ತೇನೆ. ಕೆಂಪು ವಂಶಕ್ಕೆ ಒಂದು ಬ್ರಷ್, ನೀಲಿಗೆ ಒಂದು, ಬೆಳಕಿಗೆ ಒಂದು. ದಿನದ ಕೊನೆಗೆ ಕುಸುಬೆ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಒರೆಸಿ, ಆಮೇಲೆ ಬಾರ್ ಸೋಪು. ಅಗಸೆ, ಕುಸುಬೆ ಎರಡೂ ನಮ್ಮ ಕಡೆಯ ಹೊಲದವು. ಅಡುಗೆಮನೆಯಲ್ಲಿದ್ದ ಎಣ್ಣೆಗಳೇ ಪೇಂಟಿಂಗ್ ಪೆಟ್ಟಿಗೆಗೆ ಬಂದು ಕೂತಿವೆ ಅನಿಸುತ್ತದೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಮಾತ್ರ ಬಣ್ಣಕ್ಕೆ ಬೆರೆಸಬೇಡಿ, ಅವು ಒಣಗುವ ಜಾತಿಯಲ್ಲ. ನೀರಲ್ಲಿ ಬೆರೆಯುವ ಆಯಿಲ್ ಬಣ್ಣವೂ ಇದೆ, ಕೋಬ್ರಾ, ಆರ್ಟಿಸಾನ್ ಅಂತ. ಕೆಲವರಿಗೆ ಇಷ್ಟ. ನನ್ನ ಕೈಗೆ ಸ್ವಲ್ಪ ಅಂಟು ಅಂಟು ಅನಿಸಿತು, ಬಿಟ್ಟೆ.

ಸ್ಪಿರಿಟ್ ಬಿಟ್ಟೆ ಅಂತ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಎಣ್ಣೆ ಒರೆಸಿದ ಚಿಂದಿ ಬಟ್ಟೆ ಇದೆಯಲ್ಲ, ಅದು ಇದಕ್ಕಿಂತ ಅಪಾಯ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಹಲಗೆ ಮೇಲೆ ಅದು ಗಾಳಿಗೆ ಹೋಗಿಬಿಡುತ್ತದೆ, ಗೊತ್ತೂ ಆಗುವುದಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ಶಾಖ ಒಳಗೇ ಕೂಡಿಕೊಂಡು ತನ್ನಷ್ಟಕ್ಕೆ ಬೆಂಕಿ ಹೊತ್ತುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು ವನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡ ಹೊತ್ತಿ ಉರಿಯಿತು. 22ನೇ ಮಹಡಿಯಲ್ಲಿ ಮರದ ಕೆಲಸದವರು ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಚಿಂದಿಯಿಂದ ಶುರುವಾದದ್ದು. ಅಗ್ನಿಶಾಮಕ ದಳದ ಮೂವರು ತೀರಿಕೊಂಡರು.

ನನಗೂ ಒಂದು ಸಲ ಬುದ್ಧಿ ಬಂದದ್ದು ಹೀಗೇ. ಒರೆಸಿದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಟ್ರಕ್ ಹಿಂದೆ ಬಿಸಿಲಲ್ಲಿ ಇಟ್ಟಿದ್ದೆ. ಸಂಜೆ ಎಸೆಯಲು ಎತ್ತಿಕೊಂಡರೆ ಚೀಲ ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿ ಕಟ್ಟಿದ ಹಾಗೆ ಬೆಚ್ಚಗಿತ್ತು. ಬಿಸಿಲಿನದೋ ಎಣ್ಣೆಯದೋ, ನೋಡುತ್ತಾ ನಿಲ್ಲಲಿಲ್ಲ. ಬಕೆಟ್ ನೀರಿಗೆ ಹಾಕಿದೆ. ಈಗ ಮುಚ್ಚಳ ಇರುವ ತಗಡಿನ ಡಬ್ಬಿ ಇದೆ. ಅದರಲ್ಲಿ ನೀರು, ನೀರಲ್ಲಿ ಬಟ್ಟೆ. ಡಬ್ಬಿಯ ಜಾಗ ಟ್ರೇಲರ್‌ನ ಹೊರಗೆ, ಕೊಂಡಿಯ ಪಕ್ಕ. ಒಳಗೆ ಒಂದು ರಾತ್ರಿಯೂ ಇಡುವುದಿಲ್ಲ.

ತೊಳೆದ ನೀರನ್ನು ಹುಷಾರಾಗಿ ನೋಡಿಕೊಳ್ಳಿ. ಟ್ರೇಲರ್‌ನಲ್ಲಿ ಮೂರು ಟ್ಯಾಂಕ್: ಒಳ್ಳೆ ನೀರಿನದು, ಸಿಂಕು ಬಚ್ಚಲಿನದು, ಕಕ್ಕಸಿನದು. ಬಣ್ಣ, ಎಣ್ಣೆ ಯಾವ ಟ್ಯಾಂಕಿಗೂ ಹೋಗಬಾರದು. ಪೈಪಿನೊಳಗೆ ಎಣ್ಣೆ ಗಟ್ಟಿಯಾಗಿ ಕೂರುತ್ತದೆ, ಬಣ್ಣದಲ್ಲಿರುವ ಲೋಹಗಳು ಮಣ್ಣಿಗೆ ಸೇರುವುದೂ ಒಳ್ಳೆಯದಲ್ಲ. ಬ್ರಷ್ ಚೆನ್ನಾಗಿ ಒರೆಸಿದ ಮೇಲೇ ಸೋಪು ಹಚ್ಚಿ. ಒರೆಸಿದ್ದನ್ನು ಕೂಡಿಟ್ಟುಕೊಂಡು ಯಾವುದಾದರೂ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ.

ಇನ್ನೊಂದು ನಮ್ಮವರಿಗೆ ಮಾತ್ರ ಹೇಳಬೇಕಾದ ಮಾತು. ಒಗ್ಗರಣೆ. ಹಸಿ ಚಿತ್ರ ಒಳಗಿದ್ದಾಗ ಒಗ್ಗರಣೆ ಹಾಕಬೇಡಿ. ಎಣ್ಣೆ ಹೊಗೆ ಹೋಗಿ ಚಿತ್ರದ ಮೇಲೆ ತೆಳ್ಳಗೆ ಕೂರುತ್ತದೆ. ಅದು ಒಣಗದ ಎಣ್ಣೆ. ಅದರ ಮೇಲೆ ಮತ್ತೆ ಬಣ್ಣ ಹಚ್ಚಿದರೆ ಹಿಡಿಯದೆ ಜಾರುತ್ತದೆ. ನನ್ನ ಒಂದು ಮುಂಜಾನೆಯ ಆಕಾಶದಲ್ಲಿ ಸಾಸಿವೆ ಕಾಳು ಒಂದು ಇವತ್ತಿಗೂ ಕೂತಿದೆ. ಕೊಂಡವರು ಅದನ್ನು ಹದ್ದು ಅಂದುಕೊಂಡಿದ್ದಾರೆ. ನಾವು ಈಗ ಹೊರಗೆ ಮೇಜಿನ ಮೇಲೆ ಚಿಕ್ಕ ಗ್ಯಾಸ್ ಒಲೆ ಇಟ್ಟು ಅಡುಗೆ ಮಾಡುತ್ತೇವೆ. ಹೊಗೆ ಅಲಾರಂಗೂ ನಿದ್ದೆ, ನಮಗೂ ನೆಮ್ಮದಿ.

ಬೆಳಕಿನ ವಿಷಯದಲ್ಲಿ ಒಂದು ಮೋಸ ಇದೆ. ಟ್ರೇಲರ್ ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ, ಆನಿಂಗ್, ನಮ್ಮದು ಕಂದು ಕಿತ್ತಳೆ. ಅದರ ಕೆಳಗೆ ತಂಪಾಗಿ ಕೂತು ಒಂದು ತಿಂಗಳು ಬಿಡಿಸಿದೆ. ಫೀನಿಕ್ಸ್‌ನಲ್ಲಿ ಪರಿಚಯದ ಕನ್ನಡದವರ ಮನೆ ಗೋಡೆಗೆ ಒರಗಿಸಿ ನೋಡಿದರೆ ಕಣಿವೆಗಳೆಲ್ಲ ಜ್ವರ ಬಂದು ಬಿಟ್ಟವರ ಹಾಗೆ ನೀಲಿಗಟ್ಟಿದ್ದವು. ಆನಿಂಗ್‌ನಿಂದ ಇಳಿಯುವ ಬೆಳಕೇ ಕಿತ್ತಳೆ ಆಗಿದ್ದರಿಂದ ನನಗೆ ಬಣ್ಣವೆಲ್ಲ ಕೆಂಪು ಜಾಸ್ತಿ ಅನಿಸಿ, ನೀಲಿ ಬೆರೆಸಿ ಬೆರೆಸಿ ಸರಿ ಮಾಡುತ್ತಿದ್ದೆ. ಬಿಳಿ ಅಥವಾ ಬೂದು ಬಣ್ಣದ ಕೊಡೆ ತಗೊಳ್ಳಿ. ಕೊಡೆಗೆ, ಹಲಗೆ ನಿಲ್ಲಿಸುವ ಈಸೆಲ್‌ಗೆ ಕಲ್ಲು ತುಂಬಿದ ಚೀಲ ತೂಗುಹಾಕಿ. ಬಿಸಿಲು ನೇರವಾಗಿ ಹಲಗೆ ಮೇಲೆ ಬೀಳಬಾರದು. ಬಿದ್ದರೆ ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಂಡು, ನೀವು ಗಾಢ ಮಾಡುತ್ತಾ ಹೋಗುತ್ತೀರಿ, ಒಳಗೆ ತಂದರೆ ಚಿತ್ರ ಮಸಿ. ರಾತ್ರಿ ಕೆಲಸಕ್ಕೆ 5000 ಕೆಲ್ವಿನ್‌ನ ಎಲ್‌ಇಡಿ ದೀಪ ಒಂದು ಸಾಕು. ಸೋಲಾರ್ ಬ್ಯಾಟರಿಗೆ ಅದೇನೂ ಹೊರೆಯಲ್ಲ.

ನ್ಯೂ ಮೆಕ್ಸಿಕೊಗೆ ಹೋಗುತ್ತೀರಿ ಅಂದಿರಲ್ಲ. ಅಮೆರಿಕದ ಹೆಸರಾಂತ ಚಿತ್ರಕಾರ್ತಿ ಜಾರ್ಜಿಯಾ ಓ’ಕೀಫ್ 1929ರಲ್ಲಿ ಅಲ್ಲಿ ಒಂದು ಮಾಡೆಲ್ ಎ ಫೋರ್ಡ್ ಕೊಂಡು ಓಡಿಸುವುದು ಕಲಿತರು. ಬಿಸಿಲು ಗಾಳಿ ತಡೆಯದೆ ಕಾರಿನ ಒಳಗೇ ಬಿಡಿಸುತ್ತಿದ್ದರು. ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿಕೊಂಡು, ಹಿಂದಿನ ಸೀಟಿಗೆ ಕ್ಯಾನ್ವಾಸ್ ಒರಗಿಸಿಕೊಂಡು. ಗಾಳಿ ಎದ್ದ ದಿನ ನಾನೂ ಟ್ರಕ್‌ನ ಹಿಂದಿನ ಸೀಟಿನಲ್ಲಿ ಕೂತು ಬಿಡಿಸಿದ್ದೇನೆ. ಗಾಳಿಯ ದಿನ ಹೊರಗೆ ಹಟ ಹಿಡಿದು ನಿಂತರೆ ಮರಳು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಹಸಿಯಲ್ಲಿ ಕೆರೆಯಬೇಡಿ. ಪೂರ್ತಿ ಒಣಗಲಿ, ಅಂಗೈಯಿಂದ ಸವರಿದರೆ ಅರ್ಧ ಉದುರುತ್ತದೆ. ಉಳಿದ ಅರ್ಧ ಆ ಊರಿನ ಸಹಿ ಅಂದುಕೊಳ್ಳಿ.

ಎಲ್ಲಿ ತಂಗುವುದು ಅನ್ನುವುದೂ ಒಣಗುವ ಲೆಕ್ಕಕ್ಕೆ ಸೇರಿದ್ದೇ. ಪಶ್ಚಿಮದಲ್ಲಿ ಬಿಎಲ್‌ಎಂ ಅನ್ನುವ ಕೇಂದ್ರ ಸರ್ಕಾರದ ಭೂಮಿ ಇಲಾಖೆಯ ಜಾಗ ವಿಶಾಲವಾಗಿದೆ. ಬಹಳ ಕಡೆ ಪುಕ್ಕಟೆ. ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಒಂದು ಕಡೆ ಇರಬಹುದು, ಆಮೇಲೆ ಜಾಗ ಬಿಡಬೇಕು. ಮೊದಲ ಎಂಟು ದಿನ ಬಿಡಿಸುವುದು, ಉಳಿದ ಆರು ದಿನ ಒಣಗಿಸಿಕೊಂಡು ಚಿಕ್ಕಪುಟ್ಟ ಸ್ಕೆಚ್ ಮಾಡುವುದು ನಮ್ಮ ಪದ್ಧತಿ. ಅಲೆದಾಟವೇ ಬೇಡ ಅನಿಸಿದರೆ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಹತ್ತಿರ ಲಾ ಪೋಸಾ ಅನ್ನುವ ಬಿಎಲ್‌ಎಂ ತಂಗುದಾಣ ಇದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಪೂರ್ತಿ ಸೀಸನ್‌ಗೆ ನಾವು ಕಟ್ಟಿದ್ದು 180 ಡಾಲರ್. ಬೇಸಿಗೆಯಲ್ಲಿ ಅಲ್ಲಿ ಇರಲಿಕ್ಕಾಗುವುದಿಲ್ಲ. ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿದೆ, ಮೇ ಬಂದರೆ ಎಲ್ಲರೂ ಅತ್ತ ಹತ್ತುತ್ತಾರೆ. ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರ ಸ್ವಂತ ಭೂಮಿ. ಅಲ್ಲಿ ಬಿಎಲ್‌ಎಂ ಜಾಗದ ಹಾಗೆ ಕಂಡಲ್ಲಿ ನಿಲ್ಲಿಸುವಂತಿಲ್ಲ.

ದುಡ್ಡು. ಮೊದಲ ವರ್ಷ ನನ್ನ ಚಿತ್ರದ ದುಡ್ಡು ಬಣ್ಣ, ಹಲಗೆ, ತಂಗುವ ಫೀಸಿಗೆ ಸರಿಹೋಯಿತು. ಪೆಟ್ರೋಲು ನಮ್ಮನೆಯವರ ಪೆನ್ಷನ್ನಿನಿಂದ. ಮೂರನೇ ವರ್ಷಕ್ಕೆ ಪೆಟ್ರೋಲೂ ಹುಟ್ಟಿತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಹಾಗಾಗಿ ಚಿತ್ರದಿಂದಲೇ ಹೊಟ್ಟೆ ತುಂಬಿಸುತ್ತೇನೆ ಅಂತ ಹೊರಡಬೇಡಿ. ಗ್ಯಾಲರಿಗಳು ನೂರಕ್ಕೆ ನಲವತ್ತು, ಐವತ್ತು ಇಟ್ಟುಕೊಳ್ಳುತ್ತವೆ. ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಮೇಜು ಹಾಕಿ ಮಾರುವಂತಿಲ್ಲ. ಒಂದೊಂದು ರಾಜ್ಯಕ್ಕೂ ಮಾರಾಟದ ತೆರಿಗೆ ಬೇರೆ. ನನಗೆ ಒಗ್ಗಿದ್ದು ನೋಡಿದವರಿಂದ ಅರ್ಧ ದುಡ್ಡು ತಗೊಂಡು, ಚಿತ್ರ ಒಣಗಿದ ಮೇಲೆ ಅಂಚೆಯಲ್ಲಿ ಕಳಿಸುವುದು. ಅವರಿಗೂ ಹೇಳಿಬಿಡುತ್ತೇನೆ, ಆರು ವಾರ ಕಾಯಿರಿ ಅಂತ. ಯಾರೂ ಬೇಡ ಅಂದಿಲ್ಲ. ನಿಮಗೆ ಬರುವ ಸಾಮಾನಿಗೆ ‘ಜನರಲ್ ಡೆಲಿವರಿ’ ಅಂತ ಹಾಕಿಸಿದರೆ ಆ ಊರಿನ ಅಂಚೆ ಕಚೇರಿಯಲ್ಲಿ ಇಟ್ಟುಕೊಂಡಿರುತ್ತಾರೆ, ಗುರುತಿನ ಚೀಟಿ ತೋರಿಸಿ ತಗೊಳ್ಳಬಹುದು.

ಟ್ರೇಲರ್ ಆರಿಸುವುದಕ್ಕೆ ನಾನು ಹೇಳುವುದು ಕಡಿಮೆ. ಬಾಗಿಲ ಹತ್ತಿರ ಹಳದಿ ಚೀಟಿ ಅಂಟಿಸಿರುತ್ತಾರೆ, ಎಷ್ಟು ಸಾಮಾನು ಹೇರಬಹುದು ಅಂತ. ಒಳಾಂಗಣ ನೋಡಿ ಮರುಳಾಗುವ ಮೊದಲು ಅದನ್ನು ಓದಿ. 40 ಗ್ಯಾಲನ್ ನೀರು ತುಂಬಿದರೇ 330 ಪೌಂಡ್ ಹೋಯಿತು. ಎದುರುಬದುರು ಕಿಟಕಿ ಇರಲಿ, ಗಾಳಿ ಅಡ್ಡ ಹಾಯಬೇಕು. ಚಾವಣಿಯ ಫ್ಯಾನ್ ಗಾಳಿ ಹೊರಗೆಳೆಯುವಂಥದ್ದಾಗಿರಲಿ. ಊಟದ ಮೇಜು ಗೋಡೆಗೆ ಮಡಚುವಂತಿದ್ದರೆ ಅದೃಷ್ಟ.

ಮನೆ ಮಾತ್ರ ಈಗಲೇ ಮಾರಬೇಡಿ. ಫೆಬ್ರವರಿಯಲ್ಲಿ ಎರಡು ವಾರಕ್ಕೆ ಒಂದು ಟ್ರೇಲರ್ ಬಾಡಿಗೆಗೆ ತಗೊಂಡು ಬಿಗ್ ಬೆಂಡ್ ಕಡೆ ಹೋಗಿ, ಆಸ್ಟಿನ್‌ನಿಂದ ಒಂದು ದಿನದ ದಾರಿ. ಆರು ಹಲಗೆ, ಆಲ್ಕಿಡ್ ಬಿಳಿ, ತಗಡಿನ ಡಬ್ಬಿ, ಸಂದುಗಳ ಪೆಟ್ಟಿಗೆ ಒಂದು. ಟರ್ಪೆಂಟೈನ್ ಆಸ್ಟಿನ್‌ನಲ್ಲೇ ಇರಲಿ. ಆ ಎರಡು ವಾರದಲ್ಲಿ ಒಂದು ದಿನ ಗಾಳಿಯೋ ಮಳೆಯೋ ಬಂದು ನೀವಿಬ್ಬರೂ ಬೆಳಗಿನಿಂದ ರಾತ್ರಿವರೆಗೆ ಒಳಗೇ ಕೂರಬೇಕಾಗುತ್ತದೆ, ಹಸಿ ಚಿತ್ರ ಮೇಜಿನ ಕೆಳಗೆ, ಅವರ ಕಾಲು ಅದಕ್ಕೆ ತಗುಲದ ಹಾಗೆ. ಅವತ್ತು ಸಂಜೆ ಅವರಿಗೊಂದು ಕಾಫಿ ಮಾಡಿಕೊಟ್ಟು, ಹೇಗಿದೆ ಅಂತ ಕೇಳಿ. ಮನೆ ಮಾರುವ ಏಜೆಂಟ್‌ಗೆ ಫೋನ್ ಮಾಡುವುದು ಅವರ ಉತ್ತರ ಕೇಳಿದ ಮೇಲೆ.